ಮುರಕಲ್ಲು ಯಾವ ಜಾತಿಯ ಶಿಲೆ?

ಮಗಳ ಪಾಠದಲ್ಲಿ ಅಗ್ನಿಶಿಲೆ, ಕಣಶಿಲೆ, ರೂಪಾಂತರ ಶಿಲೆ ಅಂತ ಮೂರೇ ಬಗೆ ಇವೆ, ಹಾಗಾದರೆ ಉಡುಪಿಯಲ್ಲಿ ಮನೆ ಕಟ್ಟುವ ಕೆಂಪು ಮುರಕಲ್ಲು ಇದರಲ್ಲಿ ಯಾವುದು ಅಂತ ಕೇಳಿದ್ದೀರಿ.

ಮೂರರಲ್ಲಿ ಯಾವುದಕ್ಕೂ ಸರಿಯಾಗಿ ಹೊಂದುವುದಿಲ್ಲ. ಹಳೇ ಬಂಡೆ ನಿಂತಲ್ಲೇ ಕೊಳೆತು ಉಳಿದ ಚರಟ ಅದು.

ನನಗೆ ಇದು ಅರ್ಥವಾದದ್ದು ಮನೆಯ ಬಾವಿ ತೋಡಿಸುವಾಗ. ಮೇಲೆ ಇಪ್ಪತ್ತು ಅಡಿ ಮುರಕಲ್ಲು, ಪಿಕ್ಕಾಸಿನ ಕೆಲಸ. ಒಂದು ದಿನ ಕೆಳಗಿನಿಂದ ಕೂಗು ಬಂತು: "ಅಣ್ಣಾ, ಶೇಡಿ ಸಿಕ್ಕಿತು. ಇನ್ನು ರಿಂಗ್ ಇಳಿಸದೆ ಆಗ್ಲಿಕ್ಕಿಲ್ಲ." ಬುಟ್ಟಿಯಲ್ಲಿ ಬಂದ ಶೇಡಿ ಮಣ್ಣು ಬಿಳಿ, ಅಲ್ಲಲ್ಲಿ ನಸುಗೆಂಪು. ಉಜ್ಜಿದರೆ ಸೋಪಿನ ಹಾಗೆ ಜಾರುತ್ತಿತ್ತು. ಒಂದು ಹೆಂಟೆಯಲ್ಲಿ ಮಾತ್ರ ಗೆರೆ ಗೆರೆ ಕಂಡಿತು. ಹಿಚುಕಿದೆ, ಪುಡಿಯಾಯಿತು. ಇನ್ನೂ ಕೆಳಗೆ ಹೋದಾಗ ಅಂಥದ್ದೇ ಗೆರೆಗಳಿರುವ ಗಟ್ಟಿ ಕಲ್ಲು ಸಿಕ್ಕಿತು. ಅದು ನೈಸ್, ರೂಪಾಂತರ ಶಿಲೆ. ನಾನು ಹಿಚುಕಿದ್ದು ಅದೇ ಬಂಡೆಯನ್ನು, ಕೊಳೆತ ಮೇಲೆ!

ನೈಸ್‌ನಲ್ಲಿ ಇರುವುದು ಮುಖ್ಯವಾಗಿ ಫೆಲ್ಡ್‌ಸ್ಪಾರ್, ಬೆಣಚುಕಲ್ಲು, ಕಾಗೆಬಂಗಾರ ಎಂಬ ಖನಿಜಗಳು. ನಮ್ಮಲ್ಲಿ ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ, ಅದೂ ಹೆಚ್ಚಿನದು ನಾಲ್ಕೇ ತಿಂಗಳಲ್ಲಿ. ಆಮೇಲೆ ಉರಿಬಿಸಿಲು. ಲಕ್ಷಾಂತರ ವರ್ಷ ಹೀಗೇ ನಡೆದರೆ ಫೆಲ್ಡ್‌ಸ್ಪಾರ್ ಶೇಡಿ ಮಣ್ಣಾಗುತ್ತದೆ. ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂ ನೀರಲ್ಲಿ ತೊಳೆದುಹೋಗುತ್ತವೆ, ಸಿಲಿಕಾ ಕೂಡ ಬಹುಪಾಲು. ಕರಗದೆ ಉಳಿಯುವುದು ಕಬ್ಬಿಣ ಮತ್ತು ಅಲ್ಯೂಮಿನಿಯಂ. ಕಬ್ಬಿಣ ತುಕ್ಕು ಹಿಡಿದು ಎಲ್ಲವನ್ನೂ ಅಂಟಿಸುತ್ತದೆ. ಅದಕ್ಕೇ ಆ ಕೆಂಪು. ಕೋರೆಯಲ್ಲಿ ಕಡಿಯುವಾಗ ಮೆತ್ತಗೆ ಇದ್ದದ್ದು ಗಾಳಿಗೆ ಒಣಗಿದ ಮೇಲೆ ಗಟ್ಟಿಯಾಗುವುದಕ್ಕೂ ಈ ಕಬ್ಬಿಣವೇ ಕಾರಣ.

ಈ ಬಗೆಯ ಕಲ್ಲಿಗೆ ಲ್ಯಾಟರೈಟ್ ಎಂದು ಹೆಸರಿಟ್ಟವನು ಸ್ಕಾಟ್ಲೆಂಡಿನ ವೈದ್ಯ ಫ್ರಾನ್ಸಿಸ್ ಬುಕನನ್. 1807ರಲ್ಲಿ, ಕೇರಳದ ಅಂಗಾಡಿಪುರಂನ ಕಲ್ಲಿಗೆ. ಲ್ಯಾಟಿನ್‌ನಲ್ಲಿ 'ಲೇಟರ್' ಅಂದರೆ ಇಟ್ಟಿಗೆ. ಮುರಕಲ್ಲಿಗೆ ಕನ್ನಡದಲ್ಲಿರುವ ಇನ್ನೊಂದು ಹೆಸರು ಜಂಬಿಟ್ಟಿಗೆ, ಅದರಲ್ಲೂ ಇಟ್ಟಿಗೆ ಇದೆ ಅಲ್ವಾ?

ಶಿಲಾಚಕ್ರದ, ಅಂದರೆ ಒಂದು ಬಗೆಯ ಶಿಲೆ ಇನ್ನೊಂದಾಗುವ ಸುತ್ತಿನ, ಉಳಿದ ಭಾಗ ಸುಲಭ. ಬೆಣಚುಕಲ್ಲು ಅಷ್ಟು ಬೇಗ ಸಾಯುವುದಿಲ್ಲ, ಮರಳಾಗಿ ಹೊಳೆ ಹಿಡಿದು ಕಡಲು ಸೇರುತ್ತದೆ. ಆ ಮರಳು ಹೂತು, ಒತ್ತಿ, ಅಂಟಿಕೊಂಡರೆ ಮರಳುಗಲ್ಲು, ಅಂದರೆ ಕಣಶಿಲೆ. ಇನ್ನೂ ಆಳದ ಬಿಸಿಗೆ, ಒತ್ತಡಕ್ಕೆ ಸಿಕ್ಕಿದರೆ ಮತ್ತೆ ರೂಪಾಂತರ. ಕರಗಿದರೆ ಮ್ಯಾಗ್ಮಾ, ಅದು ತಣಿದು ಗಟ್ಟಿಯಾದರೆ ಅಗ್ನಿಶಿಲೆ. ಅಗ್ನಿಶಿಲೆ ತೋರಿಸಲು ಮಲ್ಪೆಯಿಂದ ದೋಣಿ ಹತ್ತಿ ಸೇಂಟ್ ಮೇರಿಸ್ ದ್ವೀಪಕ್ಕೆ ಕರೆದುಕೊಂಡು ಹೋಗಿ. ಮಡಗಾಸ್ಕರ್ ನಮ್ಮಿಂದ ಬೇರೆಯಾದ ಕಾಲದ, ಸುಮಾರು 8.8 ಕೋಟಿ ವರ್ಷ ಹಳೆಯ ಕಲ್ಲಿನ ಕಂಬಗಳು ಅಲ್ಲಿವೆ. ತಣ್ಣಗಾಗುತ್ತಾ ಕುಗ್ಗಿ ಬಿರುಕುಬಿಟ್ಟು ಐದಾರು ಮುಖ ಬಂದಿವೆ. ಜನ ಸುಮ್ನೆ ಬಸಾಲ್ಟ್ (ಸಿಲಿಕಾ ಕಡಿಮೆ ಇರುವ ಕಪ್ಪು ಲಾವಾ ಕಲ್ಲು) ಅಂತಾರೆ, ಆದರೆ ಅದು ಸಿಲಿಕಾ ಜಾಸ್ತಿ ಇರುವ ರಯೋಲೈಟ್, ಡೇಸೈಟ್ ಜಾತಿ.

ಪರೀಕ್ಷೆಗೆ ಏನು ಬರೆಯಬೇಕು ಅಂತ ಟೀಚರ್ ಹತ್ತಿರವೇ ಕೇಳಿಬಿಡಿ, ಅಂಕದ ವಿಷಯ.

ಏಪ್ರಿಲ್, ಮೇ ತಿಂಗಳಲ್ಲಿ ಅಕ್ಕಪಕ್ಕ ಯಾರಾದರೂ ಬಾವಿ ತೋಡಿಸುತ್ತಿದ್ದರೆ ಮಗಳಿಗೆ ಆ ಮಣ್ಣಿನ ರಾಶಿ ತೋರಿಸಿ. ಆದರೆ ರಾಶಿಯ ಮೇಲ್ಗಡೆ ಇರುವುದು ಬಾವಿಯ ತಳದ ಮಣ್ಣು. ಮೊದಲೇ ಹೇಳಿಡಿ, ಇಲ್ಲದಿದ್ದರೆ ಚಿತ್ರ ತಲೆಕೆಳಗಾಗಿ ಬರೆದಾಳು.