ಓದುಗರ ಪ್ರಶ್ನೆ: ಧಾರೆಯ ಹೊತ್ತಿನಲ್ಲಿ ವಾಚು ಕಂಡದ್ದೇನು?

ಪ್ರಶ್ನೆ: ಮಗ ಕೊಡಿಸಿದ ಸ್ಮಾರ್ಟ್ ವಾಚನ್ನು ಒಂದು ವರ್ಷದಿಂದ ಕಟ್ಟಿಕೊಳ್ಳುತ್ತಿದ್ದೇನೆ. ಕಳೆದ ತಿಂಗಳು ಮಗಳ ಮದುವೆಯಲ್ಲಿ ಧಾರೆ ಎರೆಯುತ್ತಿರುವಾಗ ಅದು ಕೈಯಲ್ಲಿ ಗುರ್ರೆಂದು ಅದುರಿ, ಒತ್ತಡ ಹೆಚ್ಚಾಗಿದೆ, ನಿಧಾನವಾಗಿ ಉಸಿರಾಡಿ ಎಂದು ತೋರಿಸಿತು. ನನಗಾದರೋ ಸಂತೋಷಕ್ಕೆ ಕಣ್ಣು ತುಂಬಿ ಬಂದಿತ್ತು. ಯಂತ್ರ ತಪ್ಪಿತೋ, ನನ್ನ ಮನಸ್ಸನ್ನು ನಾನೇ ಅರಿಯಲಿಲ್ಲವೋ? ಹೀಗಾದರೆ ಇಂಥ ಯಂತ್ರಗಳಿಂದ ಪ್ರಯೋಜನವೇನು?
(ನಿವೃತ್ತ ಶಿಕ್ಷಕಿ, ಸಾಗರ)

ಉತ್ತರ: ವಾಚು ಅಳೆದದ್ದು ಸರಿಯಾಗಿಯೇ ಇರಬಹುದು, ಆದರೆ ಅಳೆದದ್ದಕ್ಕೆ ಅದು ಇಟ್ಟ ಹೆಸರು ತಪ್ಪಾಯಿತು. ವಾಚನ್ನು ಬಿಚ್ಚಿ ಬೆನ್ನು ನೋಡಿದರೆ ಹಸಿರು ಬೆಳಕು ಮಿಣುಕುವುದು ಕಾಣುತ್ತದೆ. ಆ ಬೆಳಕನ್ನು ರಕ್ತ ಹೀರಿಕೊಳ್ಳುವುದರಿಂದ, ಎದೆ ಬಡಿದಾಗಲೆಲ್ಲ ಚರ್ಮದಿಂದ ಮರಳುವ ಬೆಳಕು ಕೊಂಚ ಹೆಚ್ಚುಕಡಿಮೆಯಾಗುತ್ತದೆ. ಅದರಿಂದಲೇ ಒಂದು ಬಡಿತಕ್ಕೂ ಮುಂದಿನ ಬಡಿತಕ್ಕೂ ನಡುವಿನ ಅಂತರವನ್ನು ವಾಚು ಲೆಕ್ಕ ಹಾಕುತ್ತದೆ. ವಿಶ್ರಾಂತಿಯಲ್ಲಿರುವ ಆರೋಗ್ಯವಂತರ ಹೃದಯ ಗೋಡೆ ಗಡಿಯಾರದಂತೆ ಒಂದೇ ಸಮನೆ ಬಡಿಯುವುದಿಲ್ಲ. ಉಸಿರು ಒಳಗೆಳೆದುಕೊಂಡಾಗ ಬಡಿತ ಸ್ವಲ್ಪ ಚುರುಕಾಗಿ, ಬಿಟ್ಟಾಗ ನಿಧಾನವಾಗುತ್ತದೆ. ಇದು ಮೆದುಳಿನಿಂದ ಹೃದಯಕ್ಕೆ ಇಳಿದು ಬರುವ ವೇಗಸ್ ನರದ ಕೆಲಸ. ದೇಹ ಉದ್ರೇಕಗೊಂಡಾಗ ಈ ಏರಿಳಿತ ಕುಗ್ಗಿ, ಬಡಿತ ಹೆಚ್ಚುತ್ತದೆ. ಇದನ್ನೇ ವಾಚು ‘ಒತ್ತಡ’ ಎನ್ನುತ್ತದೆ. ಆದರೆ ಭಯದಲ್ಲಿ ಆಗುವುದೂ ಇದೇ, ಹರ್ಷದಲ್ಲಿ ಆಗುವುದೂ ಇದೇ, ಮೆಟ್ಟಿಲು ಹತ್ತಿದರೆ ಆಗುವುದೂ ಇದೇ. ಅಂದು ತಾವು ಹಿಂದಿನ ರಾತ್ರಿ ನಿದ್ದೆಗೆಟ್ಟು, ರೇಷ್ಮೆ ಸೀರೆಯುಟ್ಟು, ಹೋಮದ ಬೆಂಕಿಯ ಪಕ್ಕದಲ್ಲಿಯೂ ಇದ್ದಿರಬಹುದು.

ಕೆಲವು ಉಪಕರಣಗಳು ಬೆವರನ್ನೂ ಅಳೆಯುತ್ತವೆ. ಎರಡು ಬೆರಳುಗಳಿಗೆ ಎಲೆಕ್ಟ್ರೋಡ್ ಕಟ್ಟಿ, ನಮಗೆ ಅರಿವೇ ಆಗದಷ್ಟು ಸಣ್ಣ ವಿದ್ಯುತ್ತನ್ನು ಹರಿಸಿದಾಗ, ಅಂಗೈಯ ಬೆವರು ಗ್ರಂಥಿಗಳು ತುಂಬಿದಂತೆಲ್ಲ ಚರ್ಮದ ವಿದ್ಯುತ್ ವಾಹಕತೆ ಏರುತ್ತದೆ. ಹಿಂದಿನಿಂದ ಯಾರಾದರೂ ಚಪ್ಪಾಳೆ ತಟ್ಟಿದರೆ ಒಂದರಿಂದ ಮೂರು ಸೆಕೆಂಡಿನೊಳಗೆ ಗೆರೆ ಮೇಲೇಳುವುದನ್ನು ಪರದೆಯ ಮೇಲೆ ನೋಡಬಹುದು. ಫ್ರಾನ್ಸಿನ ಫೆರೆ 1888ರಲ್ಲಿ, ರಷ್ಯದ ತರ್ಖಾನೊವ್ 1890ರಲ್ಲಿ ಗುರುತಿಸಿದ್ದ ಸಂಗತಿಯಿದು. ಬೆವರು ಗ್ರಂಥಿಗಳಿಗೆ ದೇಹವನ್ನು ಎಚ್ಚರಿಸುವ ಅನುವೇದನಾ (ಸಿಂಪಥೆಟಿಕ್) ನರಗಳಿಂದ ಮಾತ್ರ ಅಪ್ಪಣೆ ಬರುವುದರಿಂದ, ದೇಹ ಎಚ್ಚೆತ್ತಿದೆ ಎಂಬುದಕ್ಕೆ ಇದು ನಂಬಬಹುದಾದ ಸಾಕ್ಷಿ. ಯಾತಕ್ಕೆ ಎಚ್ಚೆತ್ತಿದೆ ಎಂಬುದನ್ನು ಮಾತ್ರ ಆ ಸಾಕ್ಷಿ ಅರಿಯದು. ಭರತನ ನಾಟ್ಯಶಾಸ್ತ್ರ ಎಂಟು ಸಾತ್ತ್ವಿಕ ಭಾವಗಳಲ್ಲಿ ಸ್ವೇದವನ್ನೂ ಎಣಿಸಿ, ಕೋಪ, ಭಯ, ಹರ್ಷ, ಲಜ್ಜೆ, ದುಃಖ, ಶ್ರಮ, ರೋಗ, ತಾಪ ಎಂದು ಅದರ ಕಾರಣಗಳ ಸಾಲನ್ನೇ ಕೊಡುತ್ತದೆ. ವಾಚು ತಯಾರಿಸುವವರು ಆ ಸಾಲನ್ನು ಒಮ್ಮೆ ಓದಿದ್ದರೆ ಚೆನ್ನಾಗಿತ್ತು. ಮನಶ್ಶಾಸ್ತ್ರಜ್ಞ ಜೇಮ್ಸ್ ರಸೆಲ್ 1980ರಲ್ಲಿ ಭಾವಗಳನ್ನು ಎರಡು ಅಳತೆಗಳಲ್ಲಿ ಗುರುತಿಸಿದರು: ಉದ್ರೇಕ ಎಷ್ಟು ಎಂಬುದು ಒಂದು, ಹಿತವೋ ಅಹಿತವೋ ಎಂಬುದು ಇನ್ನೊಂದು. ಬೆವರು, ಬಡಿತಗಳು ಮೊದಲನೆಯದನ್ನು ತಕ್ಕಮಟ್ಟಿಗೆ ಹೇಳುತ್ತವೆ. ಎರಡನೆಯದಕ್ಕೆ ತಮ್ಮನ್ನೇ ಕೇಳಬೇಕು.

ಪ್ರಯೋಜನವೇ ಇಲ್ಲವೆಂದಲ್ಲ. ಯಂತ್ರಗಳಿಂದ ಭಾವವನ್ನು ಅರಿಯಹೊರಟ ಈ ಕ್ಷೇತ್ರಕ್ಕೆ 1997ರ ತಮ್ಮ ಪುಸ್ತಕದಿಂದ ‘ಅಫೆಕ್ಟಿವ್ ಕಂಪ್ಯೂಟಿಂಗ್’ ಎಂಬ ಹೆಸರು ಕೊಟ್ಟ, ಅಮೆರಿಕದ ಎಂ.ಐ.ಟಿ. ವಿದ್ಯಾಸಂಸ್ಥೆಯ ರೊಸಾಲಿಂಡ್ ಪಿಕಾರ್ಡ್ ಅವರ ಪ್ರಯೋಗಾಲಯದಿಂದ ವಿದ್ಯಾರ್ಥಿಯೊಬ್ಬ ರಜೆಯಲ್ಲಿ ಬೆವರಳೆಯುವ ಪಟ್ಟಿಗಳನ್ನು ಮನೆಗೆ ಒಯ್ದು, ಆಟಿಸಂ ಇದ್ದ ತನ್ನ ತಮ್ಮನ ಎರಡೂ ಮಣಿಕಟ್ಟಿಗೆ ಕಟ್ಟಿದ್ದ. ಒಂದು ಕೈಯ ಗೆರೆ ಒಮ್ಮೆ ಅಸಾಧಾರಣ ಎತ್ತರಕ್ಕೆ ಏರಿತ್ತು, ಇನ್ನೊಂದು ಕೈಯಲ್ಲಿ ಅದರ ಸುಳಿವೇ ಇರಲಿಲ್ಲ. ಉಪಕರಣ ಕೆಟ್ಟಿರಬೇಕೆಂದು ಮೊದಲು ಶಂಕಿಸಿದ ಪಿಕಾರ್ಡ್ ಅವರಿಗೆ, ವಿಚಾರಿಸಿದಾಗ ಆ ಹೊತ್ತಿನ ಆಸುಪಾಸಿನಲ್ಲಿ ಹುಡುಗನಿಗೆ ಅಪಸ್ಮಾರದ ಸೆಳೆತ ಬಂದಿತ್ತೆಂದು ತಿಳಿಯಿತು. ಆ ಜಾಡು ಹಿಡಿದು ರೂಪುಗೊಂಡ, ಸೆಳೆತವನ್ನು ಗುರುತಿಸಿ ಮನೆಯವರನ್ನು ಎಚ್ಚರಿಸುವ ಕೈಪಟ್ಟಿಗೆ 2018ರಲ್ಲಿ ಅಮೆರಿಕದ ಔಷಧ ಮತ್ತು ವೈದ್ಯಕೀಯ ಉಪಕರಣಗಳ ನಿಯಂತ್ರಕ ಸಂಸ್ಥೆ ಎಫ್.ಡಿ.ಎ. ಒಪ್ಪಿಗೆ ಕೊಟ್ಟಿತು. ಭಾವವನ್ನು ಓದಲೆಂದು ಹೊರಟ ಉಪಕರಣ ಹೆಚ್ಚು ಉಪಕಾರಿಯಾದದ್ದು ಭಾವಕ್ಕೆ ಹೆಸರಿಡುವ ಅಗತ್ಯವೇ ಇಲ್ಲದ ಕಡೆಯಲ್ಲಿ.

ಪ್ರಶ್ನೆ: ಇಇಜಿ (ತಲೆಯ ಮೇಲಿನಿಂದ ದಾಖಲಿಸುವ ಮೆದುಳಿನ ವಿದ್ಯುತ್) ಸಂಕೇತಗಳಿಂದ ಭಾವನೆಗಳನ್ನು ಗುರುತಿಸುವುದು ನಮ್ಮ ಅಂತಿಮ ವರ್ಷದ ಪ್ರಾಜೆಕ್ಟು. ‘ಡೀಪ್’ (DEAP) ಎಂಬ ಸಾರ್ವಜನಿಕ ದತ್ತಾಂಶದ ಮೇಲೆ ಶೇ 96ರಷ್ಟು ನಿಖರತೆ ಸಿಕ್ಕಿದೆ. ನಮ್ಮ ಗೈಡ್ ಮಾತ್ರ ಇದನ್ನು ನಂಬುತ್ತಿಲ್ಲ. ಮೆದುಳಿನಿಂದ ನೇರವಾಗಿ ಪಡೆದ ಸಂಕೇತದಲ್ಲೂ ಸಂದೇಹವೇಕೆ?
(ಎಂಜಿನಿಯರಿಂಗ್ ವಿದ್ಯಾರ್ಥಿ, ಹುಬ್ಬಳ್ಳಿ)

ಉತ್ತರ: ನಿಮ್ಮ ಗೈಡ್ ಪಕ್ಷವನ್ನೇ ನಾನು ಹಿಡಿಯಬೇಕಾಗಿದೆ. ‘ನೇರವಾಗಿ’ ಎಂಬ ಮಾತಿನಿಂದಲೇ ಶುರುಮಾಡೋಣ. ಜರ್ಮನಿಯ ಯೇನಾದಲ್ಲಿ ಹಾನ್ಸ್ ಬರ್ಗರ್ 1924ರಲ್ಲಿ ಮನುಷ್ಯರ ಇಇಜಿಯನ್ನು ಮೊದಲಿಗೆ ದಾಖಲಿಸಿ, 1929ರಲ್ಲಿ ಪ್ರಕಟಿಸಿದ ಕಾಲದಿಂದ ಇಂದಿನವರೆಗೂ, ತಲೆಬುರುಡೆಯ ಹೊರಗೆ ನಮಗೆ ಸಿಗುವುದು ಲಕ್ಷಾಂತರ ನರಕೋಶಗಳ ಒಟ್ಟು ಗದ್ದಲ, ಅದೂ ಕೆಲವು ಹತ್ತು ಮೈಕ್ರೋವೋಲ್ಟಿನಷ್ಟು. ಹಿಂದೊಮ್ಮೆ ಒಂದು ಪ್ರಯೋಗಾಲಯದಲ್ಲಿ ನಾನೂ ಎಲೆಕ್ಟ್ರೋಡುಗಳ ಟೊಪ್ಪಿ ತೊಟ್ಟು, ಕೂದಲಿಗೆಲ್ಲ ಜೆಲ್ ಮೆತ್ತಿಸಿಕೊಂಡು ಕುಳಿತಿದ್ದೆ. ಕಣ್ಣು ಮುಚ್ಚಿದೊಡನೆ ತಲೆಯ ಹಿಂಭಾಗದ ಗೆರೆಗಳಲ್ಲಿ ಸೆಕೆಂಡಿಗೆ ಹತ್ತರಂತೆ ಆಲ್ಫಾ ಅಲೆಗಳು ಸಾಲುಗಟ್ಟಿದವೆಂದು ಅಲ್ಲಿದ್ದವರು ಆಮೇಲೆ ತೋರಿಸಿದಾಗ ಬೆರಗಾಯಿತು. ಆದರೆ ರೆಪ್ಪೆ ಮಿಟುಕಿಸಿದಾಗ ಎದ್ದ ಗುಡ್ಡದ ಮುಂದೆ ಆ ಅಲೆಗಳು ಏನೇನೂ ಅಲ್ಲ. ಹಲ್ಲು ಕಚ್ಚಿದರಂತೂ ಪರದೆಯೆಲ್ಲ ಗೀಚಿಟ್ಟಂತಾಯಿತು. ನಗುವ, ಹುಬ್ಬು ಗಂಟಿಕ್ಕುವ ಸ್ನಾಯುಗಳೂ ಹೀಗೆಯೇ ತಮ್ಮ ಸಂಕೇತವನ್ನು ಬೆರೆಸುತ್ತವೆ. ನಿಮ್ಮ ಕಂಪ್ಯೂಟರ್ ಮಾದರಿ (ಮಾಡೆಲ್) ಮೆದುಳಿನ ಬದಲು ಮುಖದ ಸ್ನಾಯುಗಳನ್ನೇ ಓದಿ ಬಹುಮಾನ ಗಿಟ್ಟಿಸುತ್ತಿರಬಹುದು.

ಇನ್ನು ಡೀಪ್. 2012ರಲ್ಲಿ ಪ್ರಕಟವಾದ ಈ ದತ್ತಾಂಶದಲ್ಲಿರುವವರು 32 ಮಂದಿ. ಪ್ರತಿಯೊಬ್ಬರೂ ಒಂದೊಂದು ನಿಮಿಷದ 40 ಸಂಗೀತ ವಿಡಿಯೊಗಳನ್ನು ನೋಡಿ, ತಮಗೆ ಅನಿಸಿದ್ದಕ್ಕೆ 1ರಿಂದ 9ರವರೆಗೆ ಅಂಕ ಕೊಟ್ಟಿದ್ದಾರೆ. ಆ ಒಂದು ನಿಮಿಷವನ್ನು ನೀವು ಒಂದೊಂದು ಸೆಕೆಂಡಿನ ತುಣುಕುಗಳಾಗಿ ಕತ್ತರಿಸಿ, ಎಲ್ಲವನ್ನೂ ಕಲಸಿ, ಬಳಿಕ ಕಲಿಕೆಗೆ ಇಷ್ಟು, ಪರೀಕ್ಷೆಗೆ ಇಷ್ಟು ಎಂದು ಪಾಲು ಮಾಡಿದ್ದೀರಾ? ಹಾಗಿದ್ದರೆ ಒಬ್ಬನೇ ವ್ಯಕ್ತಿ ಒಂದೇ ವಿಡಿಯೊ ನೋಡಿದಾಗಿನ ಅಕ್ಕಪಕ್ಕದ ಸೆಕೆಂಡುಗಳು ಎರಡೂ ಪಾಲಿಗೆ ಹಂಚಿಹೋಗಿವೆ. ಮಾದರಿ ಅಲ್ಲಿ ಭಾವವನ್ನು ಕಲಿಯಬೇಕಿಲ್ಲ. ಇದು ಇಂಥವನ ಇಂಥ ನಿಮಿಷ ಎಂದು ಗುರುತು ಹಿಡಿದರೆ ಸಾಕು. ಪ್ರಶ್ನೆಪತ್ರಿಕೆಯನ್ನು ಹಿಂದಿನ ದಿನವೇ ನೋಡಿದವನ ರ‍್ಯಾಂಕಿನಂತೆ ಇದು. 31 ಮಂದಿಯ ಮೇಲೆ ಕಲಿಸಿ, ಮಾದರಿ ಎಂದೂ ಕಾಣದ 32ನೆಯವರ ಮೇಲೆ ಪರೀಕ್ಷಿಸಿ. ಸರದಿಯಂತೆ ಎಲ್ಲರನ್ನೂ ಹೀಗೆ ಹೊರಗಿಟ್ಟು ನೋಡಿ. ಅಂಕಿ ಗಣನೀಯವಾಗಿ ಇಳಿದರೆ ಗಾಬರಿಪಡದೆ ಇಳಿದ ಅಂಕಿಯನ್ನೇ ವರದಿಯಲ್ಲಿ ಬರೆಯಿರಿ. 5ಕ್ಕೆ ಗೆರೆ ಎಳೆದು ಮೇಲಿನವರು ‘ಹಿತ’, ಕೆಳಗಿನವರು ‘ಅಹಿತ’ ಎಂದು ವಿಂಗಡಿಸಿದ್ದರೆ, 4.9 ಕೊಟ್ಟವರೂ 5.1 ಕೊಟ್ಟವರೂ ವಿರುದ್ಧ ಭಾವದವರಾಗಿಬಿಡುತ್ತಾರೆ ಎಂಬುದನ್ನೂ ಗಮನಿಸಿ.

ಪ್ರಶ್ನೆ: ತರಗತಿಯಲ್ಲಿ ಮಕ್ಕಳ ಏಕಾಗ್ರತೆ ಮತ್ತು ಮನಃಸ್ಥಿತಿಯನ್ನು ಅಳೆಯುವ ತಲೆಪಟ್ಟಿ ತರಿಸುತ್ತೇವೆಂದು ಮಗನ ಶಾಲೆಯವರು ಒಪ್ಪಿಗೆ ಪತ್ರ ಕಳಿಸಿದ್ದಾರೆ. ಸಹಿ ಮಾಡಬಹುದೇ?
(ಪೋಷಕರೊಬ್ಬರು, ಮೈಸೂರು)

ಉತ್ತರ: ನನ್ನ ಮಗನಾಗಿದ್ದರೆ ಮಾಡುತ್ತಿರಲಿಲ್ಲ. ಜೆಲ್ ಹಚ್ಚಿ, ಅಲುಗಾಡಬೇಡಿ ಎಂದು ಕೂರಿಸಿದ ಪ್ರಯೋಗಾಲಯದಲ್ಲೇ ಸಂಕೇತದ ಪಾಡು ಮೇಲೆ ಹೇಳಿದಂತಿರುವಾಗ, ಬೆಂಚಿನ ಮೇಲೆ ಮಿಸುಕಾಡುವ ಹುಡುಗನ ಹಣೆಗೆ ತಾಗಿದ ಎರಡು ಮೂರು ಒಣ ಎಲೆಕ್ಟ್ರೋಡುಗಳಿಂದ ಅವನ ಮನಸ್ಸು ತಿಳಿಯುತ್ತದೆಂದು ನಾನು ನಂಬಲಾರೆ. ಚೀನಾದ ಝೆಜಿಯಾಂಗ್ ಪ್ರಾಂತ್ಯದ ಒಂದು ಪ್ರಾಥಮಿಕ ಶಾಲೆ ಇಂಥ ಪಟ್ಟಿಗಳನ್ನು ಮಕ್ಕಳ ತಲೆಗೆ ತೊಡಿಸಿ, 2019ರಲ್ಲಿ ಸಾರ್ವಜನಿಕರ ಆಕ್ಷೇಪ ಎದ್ದ ಮೇಲೆ ನಿಲ್ಲಿಸಿತು. ಐರೋಪ್ಯ ಒಕ್ಕೂಟದ ಕೃತಕ ಬುದ್ಧಿಮತ್ತೆ ಕಾಯ್ದೆ, ವೈದ್ಯಕೀಯ ಮತ್ತು ಸುರಕ್ಷತೆಯ ಕಾರಣಗಳನ್ನು ಹೊರತುಪಡಿಸಿ, ಶಾಲೆಗಳಲ್ಲಿಯೂ ಕೆಲಸದ ಸ್ಥಳಗಳಲ್ಲಿಯೂ ದೇಹದ ಸಂಕೇತಗಳಿಂದ ಭಾವವನ್ನು ಊಹಿಸುವ ವ್ಯವಸ್ಥೆಗಳನ್ನು 2025ರ ಫೆಬ್ರುವರಿ 2ರಿಂದ ನಿಷೇಧಿಸಿದೆ.

ನಮ್ಮಲ್ಲಿ ಅಂಥ ನಿಷೇಧವಿಲ್ಲ. ಆದರೆ ಒಪ್ಪಿಗೆಯ ತೂಕ ಎಷ್ಟೆಂಬುದನ್ನು ನಮ್ಮ ರಾಜ್ಯದಿಂದಲೇ ಹೋದ ಮೊಕದ್ದಮೆಯೊಂದು ತೋರಿಸಿಕೊಟ್ಟಿದೆ. ಸೆಲ್ವಿ ಮತ್ತು ಕರ್ನಾಟಕ ರಾಜ್ಯದ ನಡುವಿನ ಆ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2010ರ ಮೇ 5ರಂದು, ಮಂಪರು ಪರೀಕ್ಷೆ, ಸುಳ್ಳುಪತ್ತೆ ಪರೀಕ್ಷೆ ಮತ್ತು ಬ್ರೇನ್ ಮ್ಯಾಪಿಂಗ್ ಪರೀಕ್ಷೆಗಳನ್ನು ಯಾರ ಮೇಲೂ ಬಲವಂತವಾಗಿ ನಡೆಸುವಂತಿಲ್ಲವೆಂದು ತೀರ್ಪಿತ್ತಿತು. ಅಪರಾಧದ ಆರೋಪ ಹೊತ್ತವನಿಗೇ ಇರುವ ಈ ರಕ್ಷಣೆಯನ್ನು, ಗಣಿತದ ಪೀರಿಯಡ್ಡಿನಲ್ಲಿ ಕಿಟಕಿಯಾಚೆ ನೋಡಿದ ಹುಡುಗನ ಪರವಾಗಿ ತಾವು ಬಿಟ್ಟುಕೊಡುವ ಮುನ್ನ, ದಾಖಲಾದ ಸಂಕೇತಗಳು ಎಲ್ಲಿ ಉಳಿಯುತ್ತವೆ, ಎಷ್ಟು ಕಾಲ ಉಳಿಯುತ್ತವೆ, ಅವನ್ನು ಯಾರು ನೋಡುತ್ತಾರೆ, ಪಟ್ಟಿ ಬೇಡವೆಂದ ಮಗು ಎಲ್ಲಿ ಕೂರುತ್ತದೆ ಎಂದು ಶಾಲೆಯನ್ನು ಬರಹದಲ್ಲಿ ಕೇಳಿ. ಉತ್ತರವೂ ಬರಹದಲ್ಲೇ ಬರಲಿ. ಅಲ್ಲಿಯವರೆಗೆ ಆ ಪತ್ರ ತಮ್ಮ ಮೇಜಿನ ಮೇಲೆಯೇ ಇರಲಿ.