ವಿಟ್‌ಬಿಯ ಕಪ್ಪು ಉಡುಪಿನವರು ಮತ್ತು ಆ ಊರಿನ ದೆವ್ವಗಳು

ಪ್ರಶ್ನೆ: ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಓದುತ್ತಿರುವ ಮಗಳನ್ನು ನೋಡಲು ಹೋದಾಗ, ಅಕ್ಟೋಬರ್ ಕೊನೆಯಲ್ಲಿ ಅವಳು ನಮ್ಮನ್ನು ವಿಟ್‌ಬಿ ಎಂಬ ಕಡಲತೀರದ ಊರಿಗೆ ಕರೆದೊಯ್ದಳು. ಬೀದಿಯ ತುಂಬ ಕಪ್ಪು ಉಡುಪು ತೊಟ್ಟು ಮುಖಕ್ಕೆ ಬಿಳಿ ಬಣ್ಣ ಬಳಿದುಕೊಂಡ ಜನರಿದ್ದರು. ಸಂಜೆಯಾಗುತ್ತಲೇ ಒಬ್ಬರು ಪ್ರವಾಸಿಗಳನ್ನು ಓಣಿಗಳಲ್ಲಿ ಸುತ್ತಾಡಿಸುತ್ತ ದೆವ್ವದ ಕಥೆ ಹೇಳುತ್ತಿದ್ದರು. ಇವರೆಲ್ಲ ದೆವ್ವದ ಆರಾಧಕರೇ? ನಮ್ಮೂರಿನ ಕಥೆಗಳನ್ನೂ ಹೀಗೆ ಹೊರಗಿನವರಿಗೆ ಹೇಳಬಹುದೇ?
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಆರಾಧಕರಲ್ಲ. ನೀವು ನೋಡಿದ್ದು 1994ರಲ್ಲಿ ಪತ್ರಮಿತ್ರರ ಒಂದು ಸಣ್ಣ ಭೇಟಿಯಾಗಿ ಆರಂಭವಾಗಿ, ಈಗ ಸಾವಿರಾರು ಜನರನ್ನು ಸೆಳೆಯುತ್ತಿರುವ, ಗಾಥ್ ಎಂದು ಕರೆಸಿಕೊಳ್ಳುವ ಬಳಗದವರ ಮೇಳವನ್ನು. 1970ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ಸಂಗೀತದ ಗುಂಪುಗಳ ಸುತ್ತ ಬೆಳೆದ ಈ ಬಳಗಕ್ಕೆ ಸಾವು, ದುಃಖ, ಪಾಳುಬಿದ್ದ ಕಟ್ಟಡ ಮುಚ್ಚಿಡಬೇಕಾದ ವಿಷಯಗಳಲ್ಲ. ಅವುಗಳಲ್ಲಿಯೂ ಚೆಲುವನ್ನು ಕಾಣಬಹುದೆಂಬುದು ಅವರ ನಿಲುವು. ಉಡುಪಿನ ಕಾರಣಕ್ಕೇ ಇವರು ಪೆಟ್ಟು ತಿಂದದ್ದುಂಟು. 2007ರಲ್ಲಿ ಲ್ಯಾಂಕಾಷೈರ್‌ನ ಉದ್ಯಾನವೊಂದರಲ್ಲಿ ಇಪ್ಪತ್ತು ವರ್ಷದ ಯುವತಿಯೊಬ್ಬಳು ಇದೇ ದ್ವೇಷಕ್ಕೆ ಬಲಿಯಾದಳು. ವಿಟ್‌ಬಿಯಲ್ಲಿ ಅವರು ಹಗಲು ಹೊತ್ತಿನಲ್ಲಿ ನಿರ್ಭಯವಾಗಿ ಓಡಾಡುವುದನ್ನು ಈ ಹಿನ್ನೆಲೆಯಲ್ಲಿ ನೋಡಬೇಕೆಂದು ನನ್ನ ವಿನಂತಿ.

ಅವರು ಈ ಊರನ್ನೇ ಆರಿಸಿಕೊಂಡದ್ದಕ್ಕೆ ಕಾರಣ, ರಕ್ತ ಹೀರುವ ಪಿಶಾಚಿಯ ಕಥೆಯಾದ ‘ಡ್ರಾಕುಲ’ ಕಾದಂಬರಿ ಬರೆದ ಬ್ರಾಮ್ ಸ್ಟೋಕರ್. 1890ರ ಬೇಸಿಗೆಯಲ್ಲಿ ಇಲ್ಲಿ ತಂಗಿದ್ದ ಅವರು ಗುಡ್ಡದ ಮೇಲಿನ ಸೇಂಟ್ ಮೇರಿ ಚರ್ಚಿನ ಸ್ಮಶಾನದಲ್ಲಿ ಸಮಾಧಿಕಲ್ಲುಗಳ ಮೇಲಿನ ಹೆಸರುಗಳನ್ನು ಬರೆದುಕೊಂಡರು, ಕರಾವಳಿ ಕಾವಲಿನವರನ್ನು ಮಾತನಾಡಿಸಿ 1885ರಲ್ಲಿ ದಡಕ್ಕೆ ಬಡಿದ ದಿಮಿತ್ರಿ ಎಂಬ ರಷ್ಯದ ಹಡಗಿನ ವಿವರ ಕೇಳಿಕೊಂಡರು, ಊರಿನ ಗ್ರಂಥಾಲಯದ ಒಂದು ಹಳೆಯ ಪುಸ್ತಕದಲ್ಲಿ ಡ್ರಾಕುಲ ಎಂಬ ಹೆಸರನ್ನು ಕಂಡರು. 1897ರಲ್ಲಿ ಹೊರಬಂದ ಕಾದಂಬರಿಯಲ್ಲಿ ಆ ಹಡಗು ಡಿಮೀಟರ್ ಆಗಿದೆ. ಅದರಿಂದ ದೊಡ್ಡದೊಂದು ನಾಯಿ ದಡಕ್ಕೆ ಹಾರಿ ಓಡುತ್ತದೆ. ವಿಟ್‌ಬಿ ಇರುವ ಯಾರ್ಕ್‌ಷೈರಿನ ಹಳ್ಳಿಗರಾದರೋ ಬಾರ್ಗೆಸ್ಟ್ ಎಂಬ ಕರಿನಾಯಿಯ ಮಾತನ್ನು, ಅದು ಕಂಡರೆ ಸಾವು ಹತ್ತಿರವೆಂಬ ಭಯವನ್ನು, ಆ ಕಾದಂಬರಿಗಿಂತ ಬಹಳ ಹಿಂದಿನಿಂದಲೇ ಹೇಳಿಕೊಂಡು ಬಂದಿದ್ದರು.

ವಿಟ್‌ಬಿಯಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಡ್ರಾಕುಲನಿಗಿಂತ ಆ ನೆಲಕ್ಕೇ ಸೇರಿದ ಕಥೆಗಳು. ಕ್ರಿ.ಶ. 657ರಲ್ಲಿ ಅಲ್ಲಿ ಮಠ ಸ್ಥಾಪಿಸಿದ ಸಂತ ಹಿಲ್ಡಾ ಹಾವುಗಳನ್ನೆಲ್ಲ ಕಲ್ಲಾಗಿಸಿದಳೆಂದೂ, ಇಂದಿಗೂ ಪಾಳು ಮಠದ ಕಿಟಕಿಯಲ್ಲಿ ಬಿಳಿ ವಸ್ತ್ರ ಹೊದ್ದು ಕಾಣಿಸಿಕೊಳ್ಳುತ್ತಾಳೆಂದೂ ಜನ ಹೇಳುತ್ತಾರೆ. ಆ ಕಲ್ಲುಹಾವುಗಳು ಬಂಡೆಗಳಲ್ಲಿ ಸಿಗುವ ಅಮೋನೈಟ್ ಎಂಬ ಸುರುಳಿ ಜೀವಿಯ ಪಳೆಯುಳಿಕೆಗಳು; ನಾವು ಪೂಜಿಸುವ ಸಾಲಿಗ್ರಾಮಗಳಲ್ಲಿಯೂ ಇರುವುದು ಅದೇ ಜಾತಿಯ ಜೀವಿಯ ಗುರುತು. ಗಾಥ್‌ಗಳ ಕೊರಳಿನ ಕಪ್ಪು ಮಣಿ ಜೆಟ್ ಆಗಿದ್ದರೆ, ಅದೂ ಅದೇ ಕರಾವಳಿಯಲ್ಲಿ ಕೋಟ್ಯಂತರ ವರ್ಷ ಹುದುಗಿ ಕಲ್ಲಾದ ಮರ. 1861ರಲ್ಲಿ ಗಂಡನನ್ನು ಕಳೆದುಕೊಂಡ ವಿಕ್ಟೋರಿಯಾ ರಾಣಿ ಶೋಕಾಭರಣವಾಗಿ ಅದನ್ನು ಧರಿಸಿದ ಮೇಲೆ ವಿಟ್‌ಬಿಯ ಜೆಟ್ ಕೆಲಸಗಾರರಿಗೆ ಕೈತುಂಬ ಕೆಲಸ ಸಿಕ್ಕಿತು.

ಇನ್ನು ತೊಂದರೆಯ ಮಾತು. ಡ್ರಾಕುಲನ ಸಮಾಧಿ ಎಲ್ಲಿದೆಯೆಂದು ಕೇಳುವವರು ಹೆಚ್ಚಾಗಿ, ಅಂಥದ್ದೊಂದು ಇಲ್ಲವೆಂದು ಚರ್ಚಿನವರು ಫಲಕ ಹಾಕಬೇಕಾಯಿತು. ಸಮಾಧಿಗಳ ಮೇಲೆ ಒರಗಿ ಚಿತ್ರ ತೆಗೆಸಿಕೊಳ್ಳುವುದು ಊರಿನವರ ಮನಸ್ಸನ್ನು ನೋಯಿಸಿತು. ಅಲ್ಲಿ ಮಲಗಿರುವವರು ನಾವಿಕರು, ಬೆಸ್ತರು, ಯಾರದೋ ಮನೆಯ ಹಿರಿಯರು. ಆದ್ದರಿಂದ ಕಥೆ ಹೇಳುವವರು ನಡೆದದ್ದು ಯಾವುದು, ಜನ ನಂಬಿದ್ದು ಯಾವುದು, ಲೇಖಕ ಕಟ್ಟಿದ್ದು ಯಾವುದು ಎಂಬುದನ್ನು ಕೇಳುಗರಿಗೆ ಬಿಡಿಸಿ ಹೇಳಲೇಬೇಕು. ಬಿಡಿಸಿ ಹೇಳಿದರೆ ಕಥೆಯ ರೋಮಾಂಚನ ಕಡಿಮೆಯಾಗುತ್ತದೆಂಬ ವಾದವನ್ನು ನಾನು ಒಪ್ಪುವುದಿಲ್ಲ: ದಿಮಿತ್ರಿ ನಿಜವಾದ ಹಡಗೆಂದು ತಿಳಿದ ಮೇಲೆ ಆ ಮರಳದಂಡೆಯ ಮೇಲೆ ನಿಲ್ಲುವ ಅನುಭವವೇ ಬೇರೆ.

ನಮ್ಮಲ್ಲಿಯೂ ಖಂಡಿತ ಮಾಡಬಹುದು, ಆದರೆ ಎಲ್ಲವನ್ನೂ ಅಲ್ಲ. ತುಳುನಾಡಿನ ಭೂತಗಳು ದೆವ್ವಗಳಲ್ಲ, ನಡಾವಳಿ ಎಂಬ ಆರಾಧನೆಯನ್ನು ಸಲ್ಲಿಸಿಕೊಳ್ಳುವ ದೈವಗಳು. ಅವುಗಳನ್ನು ದೆವ್ವದ ಕಥೆ ಹೇಳುವ ಇಂಥ ಸುತ್ತಾಟದ ಸರಕಾಗಿಸುವುದು ತಪ್ಪು. ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದು, ರಾತ್ರಿ ಬಂದು ಕರೆಯುವ ದೆವ್ವವನ್ನು ಹಿಂದಕ್ಕೆ ಕಳಿಸುತ್ತಿದ್ದ ನೆನಪು ಇನ್ನೂ ಅನೇಕರಲ್ಲಿದೆ. ಮೊದಲು ಅಂಥವರನ್ನು ಕೂರಿಸಿಕೊಂಡು ಕೇಳಿ. ಯಾರು ಹೇಳಿದರು, ಯಾವ ಊರು, ಯಾವ ಕಾಲ ಎಂಬುದನ್ನೆಲ್ಲ ಬರೆದಿಡಿ. ಸತ್ತವರ ಮನೆಯವರು ಇನ್ನೂ ಅದೇ ಓಣಿಯಲ್ಲಿದ್ದರೆ ಅವರ ಒಪ್ಪಿಗೆ ಪಡೆಯಿರಿ. ಅವರು ಬೇಡವೆಂದರೆ ಆ ಕಥೆಯನ್ನು ಬಿಟ್ಟುಬಿಡಿ.