ಕಸದ ಲಾರಿಯ ಟ್ಯೂನು ಯಾರದ್ದು?

ತೈವಾನಿನ ಸಿಂಚುವಿನಲ್ಲಿರುವ ಓದುಗರೊಬ್ಬರು ಬರೆದಿದ್ದಾರೆ: "ಇಲ್ಲಿ ಕಸದ ಲಾರಿ ಒಂದು ಪಿಯಾನೊ ಟ್ಯೂನ್ ಹಾಕಿಕೊಂಡು ಬರುತ್ತದೆ. ಮೆಟ್ಟಿಲು ಹತ್ತಿದ ಹಾಗೆ ಮೇಲೆ ಹೋಗಿ ಇಳಿಯುತ್ತದೆ. ಆಫೀಸಿನವರು ಬೀಥೋವನ್‌ದು ಅಂತಾರೆ. ಮಗಳ ಪಿಯಾನೊ ಟೀಚರು 'ಅದೂ ಒಂದು ಸಂಗೀತವಾ' ಅಂತಾರೆ. ಯಾರದ್ದು ಇದು? ಮಗಳು ಕಲಿಯಬಹುದಾ?"

ಸಂಪಾದಕರ ಉತ್ತರ:

ನಿಮ್ಮ ಆಫೀಸಿನವರು ಅರ್ಧ ಸರಿ. ಅಲ್ಲಿನ ಲಾರಿಗಳಲ್ಲಿ ಬೀಥೋವನ್‌ನ 'ಫ್ಯೂರ್ ಎಲೀಸ್' ಕೂಡ ಕೇಳಿಸುತ್ತದೆ. ಆದರೆ ನೀವು ಹೇಳುತ್ತಿರುವುದು 'ಕನ್ಯೆಯ ಪ್ರಾರ್ಥನೆ'. ಬರೆದವಳು ಪೋಲೆಂಡಿನ ತೆಕ್ಲಾ ಬೊಂದಜೆವ್ಸ್ಕಾ. ಟ್ಯೂನು ಊರೂರು ಸುತ್ತಿತು, ಹೆಸರು ಮಾತ್ರ ಹಿಂದೆ ಉಳಿಯಿತು.

ಆಕೆಯ ಬಗ್ಗೆ ತಿಳಿದಿರುವುದು ಕಮ್ಮಿ. ಹುಟ್ಟಿದ ವರ್ಷವೇ ಒಂದು ಕಡೆ 1829, ಇನ್ನೊಂದು ಕಡೆ 1834. ಮದುವೆಯಾಯಿತು, ಮಕ್ಕಳಾದವು. ಸುಮಾರು 35 ಪಿಯಾನೊ ತುಣುಕುಗಳನ್ನು ಬರೆದಳು. 1861ರಲ್ಲಿ ವಾರ್ಸಾದಲ್ಲಿ ತೀರಿಕೊಂಡಳು. ಅಲ್ಲಿನ ಪೊವೊಂಜ್ಕಿ ಸ್ಮಶಾನದಲ್ಲಿ ಸಮಾಧಿ ಇದೆ. ಅದರ ಮೇಲಿನ ಹೆಣ್ಣಿನ ಪ್ರತಿಮೆಯ ಕೈಯಲ್ಲಿ ಸುರುಳಿ ಸುತ್ತಿದ ಸಂಗೀತದ ಹಾಳೆ, ಹಾಳೆಯ ಮೇಲೆ ಇದೇ ತುಣುಕಿನ ಹೆಸರು. ಶುಕ್ರಗ್ರಹದ ಒಂದು ಕುಳಿಗೂ ಆಕೆಯ ಹೆಸರಿಟ್ಟಿದ್ದಾರೆ. ಭೂಮಿಯ ಮೇಲೆ ಮರೆತವರು ಅಲ್ಲಿ ನೆನೆಸಿಕೊಂಡರು ನೋಡಿ!

ಈ ತುಣುಕು ಅಚ್ಚಾಗಿದ್ದು 1856ರಲ್ಲಿ, ವಾರ್ಸಾದಲ್ಲಿ. 1859ರಲ್ಲಿ ಪ್ಯಾರಿಸ್ಸಿನ ಒಂದು ಸಂಗೀತ ಪತ್ರಿಕೆ ಅದನ್ನು ಪುರವಣಿಯಾಗಿ ಕೊಟ್ಟಿತು. ಆಮೇಲೆ ಹಿಡಿಯುವವರಿಲ್ಲ. ಯುರೋಪಿನ ಅನುಕೂಲಸ್ಥರ ಮನೆಗಳಲ್ಲಿ ಆಗ ಪಿಯಾನೊ ಇರುತ್ತಿತ್ತು, ಹೆಣ್ಣುಮಕ್ಕಳಿಗೆ ಪಾಠವೂ ಇರುತ್ತಿತ್ತು. ಎಷ್ಟು ಮನೆಗಳಲ್ಲಿ ಕೇಳಿಸುತ್ತಿತ್ತು ಎಂದರೆ, 1901ರಲ್ಲಿ ರಂಗಕ್ಕೆ ಬಂದ, ರಷ್ಯದ ನಾಟಕಕಾರ ಚೆಕಾಫ್‌ನ 'ಮೂವರು ಸಹೋದರಿಯರು' ನಾಟಕದಲ್ಲಿ ಇರೀನಾ, ನಾಳೆ ಸಂಜೆಯಿಂದ ಈ 'ಕನ್ಯೆಯ ಪ್ರಾರ್ಥನೆ' ಕೇಳಬೇಕಾಗಿಲ್ಲವಲ್ಲ ಎಂದು ನಿಟ್ಟುಸಿರು ಬಿಡುತ್ತಾಳೆ! ತೆಕ್ಲಾ ಇದಕ್ಕೊಂದು ಮುಂದಿನ ಭಾಗವನ್ನೂ ಬರೆದಳು, 'ಈಡೇರಿದ ಪ್ರಾರ್ಥನೆ' ಅಂತ. ಅದನ್ನು ಇವತ್ತು ನುಡಿಸುವವರು ಕಮ್ಮಿ.

ಇನ್ನು ಟೀಚರಮ್ಮನ ಮಾತು. ಪಂಡಿತರು ನೂರು ವರ್ಷದಿಂದ ಇದನ್ನೇ ಹೇಳುತ್ತಾ ಬಂದಿದ್ದಾರೆ. ಬೈಗುಳದಲ್ಲಿ ಹುರುಳಿಲ್ಲದೆ ಇಲ್ಲ. ಇರುವುದು ಕೆಲವೇ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು), ರಾಗ ಒಂದೇ, ಅದನ್ನೇ ಸ್ವಲ್ಪ ಸ್ವಲ್ಪ ಅಲಂಕಾರ ಬದಲಿಸಿ ಮತ್ತೆ ಮತ್ತೆ ನುಡಿಸುವುದು. ಪೋಲೆಂಡಿನವನೇ ಆದ ದೊಡ್ಡ ಪಿಯಾನೊ ಸಂಗೀತಕಾರ ಶೋಪ್ಯಾನ್ ಆಗ ತೀರಿಕೊಂಡು ಏಳೇ ವರ್ಷ ಆಗಿತ್ತು. ಅವನ ಪಕ್ಕ ಇಟ್ಟರೆ ಇದು ಸಪ್ಪೆಯೇ. ಆದರೆ ಅವನ ಪಕ್ಕ ಯಾಕೆ ಇಡಬೇಕು? ಶುರುವಿನಲ್ಲಿ ಆಕ್ಟೇವ್‌ಗಳು (ಒಂದೇ ಸ್ವರದ ಮೇಲಿನದು, ಕೆಳಗಿನದು ಎರಡನ್ನೂ ಒಟ್ಟಿಗೆ ಒತ್ತುವುದು) ದಡಬಡ ಅಂತ ಕೆಳಗಿಳಿಯುತ್ತವೆ. ಆಮೇಲೆ ಎಡಗೈ ಸರಳವಾಗಿ ತಾಳ ಹಿಡಿಯುತ್ತದೆ, ಬಲಗೈ ಮೇಲೇರುತ್ತದೆ. ಕೇಳುವವರಿಗೆ ಭಾರಿ ಕಷ್ಟದ ಕೆಲಸ ಅನ್ನಿಸುತ್ತದೆ. ನುಡಿಸುವ ಹುಡುಗಿಗೆ ಅಷ್ಟೊಂದು ಕಷ್ಟವಿಲ್ಲ. ಬಂದ ನೆಂಟರ ಮುಂದೆ ಮಾನ ಉಳಿಯಬೇಕು ಅಂತಲೇ ಹೀಗೆ ಕಟ್ಟಿದ ಹಾಗಿದೆ. ಇದೂ ಒಂದು ಜಾಣತನವೇ ಅಲ್ವಾ? ನನಗಂತೂ ಇದನ್ನು ಕಸ ಅನ್ನಲು ಬಾಯಿ ಬರುವುದಿಲ್ಲ, ಲಾರಿಯಲ್ಲಿ ಬಂದರೂ.

ಮಗಳು ಖಂಡಿತ ಕಲಿಯಲಿ. ಆದರೆ ಬಲಗೈಯಲ್ಲಿ ಆಕ್ಟೇವ್‌ಗಳು ಜಾಸ್ತಿ. ಹೆಬ್ಬೆರಳು, ಕಿರುಬೆರಳು ಪಿಯಾನೊದ ಎಂಟು ಬಿಳಿ ಕೀಗಳ ಅಗಲವನ್ನು ಆರಾಮಾಗಿ ಮುಟ್ಟುವ ತನಕ ಕಾಯಿರಿ, ಇಲ್ಲದಿದ್ದರೆ ಮಣಿಕಟ್ಟು ನೋಯುತ್ತದೆ. ಅಲ್ಲಿಯವರೆಗೆ ರಾಗದ ಮೊದಲ ಎಂಟು ಪಟ್ಟಿಗಳನ್ನು (ಹಾಳೆಯಲ್ಲಿ ಗೆರೆ ಹಾಕಿ ಭಾಗ ಮಾಡಿದ ತಾಳದ ತುಂಡುಗಳನ್ನು) ಒಂದೊಂದೇ ಸ್ವರದಲ್ಲಿ ನುಡಿಸಿಕೊಳ್ಳಲಿ.

— ಸಂ.